ಕೃತ್ತಿಕೆ ಮೂಡಿದರೆ ರಜೆ: ನ್ಯೂಜಿಲೆಂಡ್ ತನ್ನ ಕ್ಯಾಲೆಂಡರ್ ತಿದ್ದಿಕೊಂಡ ಬಗೆ

2022ರಲ್ಲಿ ಜೂನ್ 24. 2023ರಲ್ಲಿ ಜುಲೈ 14. 2024ರಲ್ಲಿ ಜೂನ್ 28. 2025ರಲ್ಲಿ ಜೂನ್ 20. 2026ರಲ್ಲಿ ಜುಲೈ 10.

ಪಂಚಾಂಗ ನೋಡುವ ಅಭ್ಯಾಸವಿರುವ ಯಾವ ಅಜ್ಜಿಗಾದರೂ ಈ ಸಾಲನ್ನು ತೋರಿಸಿ. 2023ರಲ್ಲೂ 2026ರಲ್ಲೂ ಅಧಿಕ ಮಾಸ ಬಂದಿದೆ ಅಂತ ತಕ್ಷಣ ಹೇಳುತ್ತಾರೆ. ನಿಜ, 2023ರಲ್ಲಿ ನಮಗೆ ಅಧಿಕ ಶ್ರಾವಣ. 2026ರಲ್ಲಿ ಅಧಿಕ ಜ್ಯೇಷ್ಠ. ಚಂದ್ರನನ್ನು ನಂಬಿದ ಹಬ್ಬ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ, ಮೂರು ವರ್ಷಕ್ಕೊಮ್ಮೆ ಮುಂದಕ್ಕೆ ಜಿಗಿಯುತ್ತದೆ. ನಮ್ಮ ಯುಗಾದಿ, ಗಣೇಶನ ಹಬ್ಬ, ದೀಪಾವಳಿ ಎಲ್ಲವೂ ಹೀಗೆಯೇ ಅಲ್ವಾ.

ಆದರೆ ಇದು ನಮ್ಮ ಹಬ್ಬದ ಪಟ್ಟಿಯಲ್ಲ. ನ್ಯೂಜಿಲೆಂಡಿನ ಸಂಸತ್ತು ಕಾನೂನು ಮಾಡಿ ಕೊಟ್ಟಿರುವ ರಜೆಯ ದಿನಗಳು. ಆ ದಿನದ ಹೆಸರು ಮತಾರಿಕಿ. ಮತಾರಿಕಿ ಅಂದರೆ ಆಕಾಶದಲ್ಲಿರುವ ಒಂದು ಪುಟ್ಟ ನಕ್ಷತ್ರದ ಗೊಂಚಲು. ನಾವು ಅದನ್ನು ಕೃತ್ತಿಕೆ ಎನ್ನುತ್ತೇವೆ. ಸುಬ್ರಹ್ಮಣ್ಯನಿಗೆ ಹಾಲೂಡಿಸಿದ ಆರು ತಾಯಂದಿರು ಅವರೇ. ಅದೇ ಗೊಂಚಲು ನ್ಯೂಜಿಲೆಂಡಿನ ಮೂಲ ಜನರಾದ ಮಾವೋರಿಗಳಿಗೆ ಹೊಸ ವರ್ಷದ ಗುರುತು. 2022ರಿಂದ ಅದು ಇಡೀ ದೇಶಕ್ಕೆ ರಜೆ. ಆ ದೇಶದ 12ನೇ ಸಾರ್ವಜನಿಕ ರಜೆ. ಮಾವೋರಿಗಳ ಕಾಲದ ಲೆಕ್ಕದಿಂದಲೇ ಹುಟ್ಟಿದ್ದು ಅನ್ನೋದಾದರೆ ಮೊದಲನೆಯದು.

ಇಂಗ್ಲಿಷ್ ಮಾತಾಡುವ ದೇಶಗಳು ಈಚೆಗೆ ತಮ್ಮ ರಜೆ ಪಟ್ಟಿಯನ್ನು ತಿದ್ದುತ್ತಿವೆ. 2021ರಲ್ಲಿ ಅಮೆರಿಕ ಮತ್ತು ಕೆನಡಾ ಒಂದೊಂದು ಹೊಸ ರಜೆ ಸೇರಿಸಿದವು. 2022ರಲ್ಲಿ ನ್ಯೂಜಿಲೆಂಡ್. 2023ರಲ್ಲಿ ಐರ್ಲೆಂಡ್. ಮೂರು ವರ್ಷದೊಳಗೆ ನಾಲ್ಕು ದೇಶ. ಇನ್ನೊಂದು ಕಡೆ ಆಸ್ಟ್ರೇಲಿಯಾ ಪ್ರತಿ ಜನವರಿಯಲ್ಲೂ ತನ್ನ ರಾಷ್ಟ್ರೀಯ ದಿನದ ಬಗ್ಗೆ ಜಗಳವಾಡುತ್ತದೆ. ಇವೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ಮುಖಗಳು. ಒಂದು ದೇಶ ಯಾವ ದಿನ ಕೆಲಸ ನಿಲ್ಲಿಸಬೇಕು? ಅದನ್ನು ಯಾರ ನೆನಪು ತೀರ್ಮಾನಿಸಬೇಕು?

ಇದನ್ನು ಯೋಚಿಸಲು ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ನಮಗೆ ರಜೆ ಬೇರೆ, ಹಬ್ಬ ಬೇರೆ. ರಜೆ ಯಾರೋ ಕೊಡಬೇಕು, ಸರ್ಕಾರ ಅಥವಾ ಯಜಮಾನ. ಹಬ್ಬ ಯಾರೂ ಕೊಡುವಂಥದ್ದಲ್ಲ, ಮಾಡುವಂಥದ್ದು. ಹಬ್ಬ ಎಂಬ ಪದ ಬಂದಿದ್ದು ಪರ್ವ ಎಂಬ ಪದದಿಂದ. ಪರ್ವ ಅಂದರೆ ಗಿಣ್ಣು. ಕಬ್ಬಿನ ಗಿಣ್ಣಿನ ಹಾಗೆ, ಕಾಲದಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಜಾಗ. ಇಂಗ್ಲಿಷಿನ ಹಾಲಿಡೇ ಎಂಬ ಪದ ಮೂಲದಲ್ಲಿ ಪವಿತ್ರ ದಿನ ಅಂತಲೇ ಇತ್ತು. ಈಗ ಅದರೊಳಗೆ ಹಬ್ಬವೂ ಇದೆ, ರಜೆಯೂ ಇದೆ, ಊರು ಸುತ್ತಲು ಹೋಗುವುದೂ ಇದೆ. ಹಾಗಾಗಿ ಅಲ್ಲಿನ ಚರ್ಚೆಯಲ್ಲಿ ಎರಡೂ ಕಲಸಿಹೋಗುತ್ತವೆ. ಬೇರೆ ಮಾಡಿ ನೋಡಿದರೆ ಮತಾರಿಕಿ ಯಾಕೆ ಬೇಗ ಜನರ ಮನಸ್ಸಿಗೆ ಹತ್ತಿತು, ಆಸ್ಟ್ರೇಲಿಯಾದ ಜನವರಿ 26 ಯಾಕೆ ಇನ್ನೂ ನೋಯುತ್ತಿದೆ ಎನ್ನುವುದು ತಿಳಿಯುತ್ತದೆ ಎಂದು ನನ್ನ ನಂಬಿಕೆ.

ದಿನಾಂಕ ಬಂತು, ಋತು ಬರಲಿಲ್ಲ

ಇಂಗ್ಲೆಂಡಿನಲ್ಲಿ ಡಿಸೆಂಬರ್ ಅಂದರೆ ಕತ್ತಲು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮರಗಳೆಲ್ಲ ಬೋಳಾಗಿರುತ್ತವೆ. ಆಗ ಹಸಿರಾಗಿಯೇ ಉಳಿದಿರುವ ಒಂದು ಮರವನ್ನು ಮನೆಯೊಳಗೆ ತಂದು ದೀಪ ಹಚ್ಚುವುದಕ್ಕೆ ಅರ್ಥ ಇದೆ. ಬೆಂಕಿಯ ಮುಂದೆ ಕೂತು ಹುರಿದ ಮಾಂಸ, ಒಣದ್ರಾಕ್ಷಿ ತುಂಬಿದ ಪುಡಿಂಗ್ ತಿನ್ನುವುದಕ್ಕೂ ಅರ್ಥ ಇದೆ. ಚಳಿ ದೇಶದ ಕ್ರಿಸ್ಮಸ್ ಚಳಿಯ ಜೊತೆ ಹೆಣೆದುಕೊಂಡು ಬೆಳೆದಿದೆ.

19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ಹಡಗು ಹತ್ತಿ ದಕ್ಷಿಣದ ಕಡೆ ಹೋದವರು ಈ ಹಬ್ಬಗಳನ್ನೂ ಗಂಟು ಕಟ್ಟಿಕೊಂಡು ಹೋದರು. ದಿನಾಂಕ ಅವರ ಜೊತೆ ಬಂತು. ಋತು ಬರಲಿಲ್ಲ. ನ್ಯೂಜಿಲೆಂಡಿನಲ್ಲಿ ಮಿಷನರಿಗಳ ಮೊದಲ ಕ್ರಿಸ್ಮಸ್ ಪ್ರಾರ್ಥನೆ ನಡೆಸಿದ್ದು ಸ್ಯಾಮ್ಯುಯೆಲ್ ಮಾರ್ಸ್ಡನ್ ಎಂಬ ಪಾದ್ರಿ, 1814ರ ಡಿಸೆಂಬರ್ 25ರಂದು, ಬೇ ಆಫ್ ಐಲೆಂಡ್ಸ್‌ನ ಓಯಿಹಿ ಎಂಬಲ್ಲಿ. ಅದು ಅಲ್ಲಿ ನಡುಬೇಸಿಗೆ.

ಇನ್ನೂರು ವರ್ಷಗಳಲ್ಲಿ ಜನ ಆ ಹಬ್ಬವನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಕಡಲ ದಂಡೆಯಲ್ಲಿ ಪೊಹುತುಕಾವಾ ಎಂಬ ಮರ ಮೈತುಂಬ ಕೆಂಪು ಹೂ ಬಿಡುತ್ತದೆ. ಅದನ್ನೇ ಅಲ್ಲಿನವರು ನಮ್ಮ ಕ್ರಿಸ್ಮಸ್ ಮರ ಎನ್ನುತ್ತಾರೆ. ಮಧ್ಯಾಹ್ನದ ಊಟ ಅಂಗಳದಲ್ಲಿ, ಸಂಜೆ ಸಮುದ್ರದಲ್ಲಿ. ಆದರೂ ಅಂಗಡಿಯ ಗಾಜಿನ ಮೇಲೆ ಹತ್ತಿಯ ಹಿಮ ಅಂಟಿಸುವುದು ನಿಂತಿಲ್ಲ. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್ ಬೆಟ್ಟಗಳಲ್ಲಂತೂ 1980ರ ದಶಕದಿಂದ ಜುಲೈ ಚಳಿಯಲ್ಲಿ ಇನ್ನೊಂದು ಕ್ರಿಸ್ಮಸ್ ಮಾಡುವ ರೂಢಿ ಬೆಳೆದಿದೆ. ಬೆಂಕಿ ಹಾಕಿಕೊಂಡು, ಬಿಸಿಬಿಸಿ ಪುಡಿಂಗ್ ತಿಂದು, ಅಜ್ಜ ಮುತ್ತಜ್ಜಂದಿರು ಬಿಟ್ಟುಬಂದ ಚಳಿಯನ್ನು ನೆನೆಯುತ್ತಾರೆ. ನನಗೆ ಇದು ತುಂಬ ಮನುಷ್ಯಸಹಜ ಅನ್ನಿಸುತ್ತದೆ. ದಿನಾಂಕಕ್ಕಿಂತ ಋತು ಮನಸ್ಸಿನಲ್ಲಿ ಆಳಕ್ಕೆ ಇಳಿದಿರುತ್ತದೆ.

ಈಸ್ಟರ್ ಕಥೆ ಇನ್ನೂ ತಿರುವುಮುರುವು. ಯುರೋಪಿನಲ್ಲಿ ಅದು ವಸಂತದ ಹಬ್ಬ. ಮೊಟ್ಟೆ, ಮರಿ, ಚಿಗುರು, ಮೊಲ ಎಲ್ಲವೂ ಹೊಸ ಜೀವದ ಗುರುತುಗಳು. ದಕ್ಷಿಣದಲ್ಲಿ ಅದು ಎಲೆ ಉದುರುವ ಕಾಲಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಆಸ್ಟ್ರೇಲಿಯಾದಲ್ಲಿ ಮೊಲ ಅಂದರೆ ರೈತನ ಶತ್ರು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ವಿಕ್ಟೋರಿಯಾದ ಬಾರ್ವನ್ ಪಾರ್ಕ್‌ನಲ್ಲಿ ಬೇಟೆಗೆಂದು ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿ ಬಿಟ್ಟ. ಅವು ದೇಶದ ಬಹುಭಾಗಕ್ಕೆ ಹಬ್ಬಿ ಹುಲ್ಲು ಬೋಳಿಸಿದವು, ಅಲ್ಲಿನ ಸಣ್ಣ ಪ್ರಾಣಿಗಳ ನೆಲೆ ಕಿತ್ತುಕೊಂಡವು. ಹಾಗೆ ನೆಲೆ ಕಳೆದುಕೊಂಡವುಗಳಲ್ಲಿ ಬಿಲ್ಬಿ ಒಂದು. ಉದ್ದ ಕಿವಿಯ, ಚೂಪು ಮೂತಿಯ, ಹೊಟ್ಟೆಚೀಲವಿರುವ ಪುಟ್ಟ ಪ್ರಾಣಿ. 1990ರ ದಶಕದಲ್ಲಿ ಕೆಲವರು ಈಸ್ಟರಿಗೆ ಮೊಲ ಬೇಡ, ಬಿಲ್ಬಿ ಇರಲಿ ಅಂತ ಪ್ರಚಾರ ಶುರು ಮಾಡಿದರು. ಹೇಗ್ಸ್ ಎಂಬ ಚಾಕೊಲೇಟ್ ಕಂಪನಿ 1993ರಲ್ಲಿ ಮೊಲದ ಅಚ್ಚು ಬಿಟ್ಟು ಬಿಲ್ಬಿ ಅಚ್ಚಿಗೆ ಬಂತು. ಮಕ್ಕಳು ಚಾಕೊಲೇಟ್ ತಿಂದರೆ ಆ ಪ್ರಾಣಿಯನ್ನು ಉಳಿಸುವ ಕೆಲಸಕ್ಕೆ ಒಂದಿಷ್ಟು ಹಣ ಹೋಗುತ್ತದೆ. ಕಾನೂನು ಮುಟ್ಟದೆ, ಸದ್ದಿಲ್ಲದೆ, ಆಚರಣೆಯೇ ನೆಲಕ್ಕೆ ಒಗ್ಗಿಕೊಂಡಿದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ರಾಜನ ಹುಟ್ಟುಹಬ್ಬವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14ಕ್ಕೆ. ಎಲಿಜಬೆತ್ ಹುಟ್ಟಿದ್ದು ಏಪ್ರಿಲ್ 21ಕ್ಕೆ. ಆದರೆ ಹುಟ್ಟುಹಬ್ಬದ ಮೆರವಣಿಗೆ ಜೂನ್‌ನಲ್ಲಿ, ಯಾಕೆಂದರೆ ಲಂಡನ್ನಿನಲ್ಲಿ ಆಗ ಬಿಸಿಲು. ನ್ಯೂಜಿಲೆಂಡೂ ಜೂನ್‌ನ ಮೊದಲ ಸೋಮವಾರ ರಜೆ ಕೊಡುತ್ತದೆ, ಅಲ್ಲಿ ಆಗ ಚಳಿಗಾಲ ಶುರು. ಇದು ರಜೆ. ಹಬ್ಬವಲ್ಲ. ಆ ದಿನ ಯಾರ ಮನೆಯಲ್ಲೂ ವಿಶೇಷ ಅಡುಗೆ ಮಾಡುವ ಪದ್ಧತಿ ಇಲ್ಲ.

ನವೆಂಬರ್ 5ರ ಎರಡು ನೆನಪು

1605ರ ನವೆಂಬರ್ 5ರಂದು ಲಂಡನ್ನಿನ ಸಂಸತ್ತನ್ನು ಮದ್ದಿಟ್ಟು ಸಿಡಿಸುವ ಸಂಚು ಬಯಲಾಯಿತು. ಗೈ ಫಾಕ್ಸ್ ಸಿಕ್ಕಿಬಿದ್ದ. ಅಂದಿನಿಂದ ಇಂಗ್ಲೆಂಡಿನಲ್ಲಿ ಆ ರಾತ್ರಿ ಬೆಂಕಿ ಹಾಕಿ, ಬೊಂಬೆ ಸುಟ್ಟು, ಪಟಾಕಿ ಹಚ್ಚುತ್ತಾರೆ. ರಜೆ ಇಲ್ಲದಿದ್ದರೂ ಅದು ಹಬ್ಬ. ನ್ಯೂಜಿಲೆಂಡಿಗೂ ಅದು ಬಂತು. ಇವತ್ತಿಗೂ ಅಲ್ಲಿ ಅಂಗಡಿಯಲ್ಲಿ ಪಟಾಕಿ ಮಾರಲು ಅವಕಾಶ ಇರುವುದು ವರ್ಷದಲ್ಲಿ ನಾಲ್ಕೇ ದಿನ, ನವೆಂಬರ್ 2ರಿಂದ 5ರವರೆಗೆ. ಆದರೆ ಅಲ್ಲಿ ನವೆಂಬರ್ ವಸಂತದ ಕೊನೆ. ಗಡಿಯಾರವೂ ಒಂದು ಗಂಟೆ ಮುಂದಿರುತ್ತದೆ. ಮಕ್ಕಳು ಕತ್ತಲಾಗಲಿ ಅಂತ ಎಂಟೂವರೆಯವರೆಗೆ ಕಾಯಬೇಕು.

ಅದೇ ನವೆಂಬರ್ 5ಕ್ಕೆ ನ್ಯೂಜಿಲೆಂಡಿನದೇ ಒಂದು ನೆನಪು ಇದೆ. 1881. ತಾರಾನಾಕಿ ಪ್ರದೇಶದ ಪರಿಹಾಕಾ ಎಂಬ ಹಳ್ಳಿ. ಸರ್ಕಾರ ಕಿತ್ತುಕೊಂಡ ಜಮೀನಿನ ವಿಷಯವಾಗಿ ತೆ ವಿಟಿ ಮತ್ತು ತೊಹು ಎಂಬ ಇಬ್ಬರು ನಾಯಕರು ಆಯುಧ ಮುಟ್ಟದೆ ಹೋರಾಟ ನಡೆಸಿದ್ದರು. ಅವರ ಜನ ಸರ್ವೆಯವರು ನೆಟ್ಟ ಗೂಟ ಕೀಳುತ್ತಿದ್ದರು, ಬಿಳಿಯರು ಹಿಡಿದ ಹೊಲಕ್ಕೆ ಹೋಗಿ ಉಳುತ್ತಿದ್ದರು. ಹಿಡಿದು ಜೈಲಿಗೆ ಹಾಕಿದರೆ ಇನ್ನೊಬ್ಬರು ಬಂದು ನೇಗಿಲು ಹಿಡಿಯುತ್ತಿದ್ದರು. ಆ ದಿನ ಬೆಳಿಗ್ಗೆ ಸುಮಾರು 1,600 ಸಶಸ್ತ್ರ ಜನ ಹಳ್ಳಿಗೆ ನುಗ್ಗಿದರು. ಎದುರಿಗೆ ಬಂದಿದ್ದು ಹಾಡು ಹೇಳುವ ಮಕ್ಕಳು. ಊರಿನವರು ರೊಟ್ಟಿ ಮಾಡಿ ಇಟ್ಟಿದ್ದರು. ನಾಯಕರಿಬ್ಬರನ್ನೂ ಹಿಡಿದೊಯ್ದು ವಿಚಾರಣೆಯೇ ಇಲ್ಲದೆ ಸೆರೆಯಲ್ಲಿಟ್ಟರು. ಮನೆಗಳನ್ನು ಕೆಡವಿದರು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ, 136 ವರ್ಷಗಳ ನಂತರ.

ಈಗ ಯೋಚಿಸಿ. ಆ ದೇಶದ ಮಕ್ಕಳಿಗೆ ನವೆಂಬರ್ 5 ಅಂದರೆ ಹದಿನೆಂಟು ಸಾವಿರ ಕಿಲೋಮೀಟರ್ ಆಚೆ ನಾಲ್ಕು ಶತಮಾನದ ಹಿಂದೆ ನಡೆದ ಸಂಚು. ತಮ್ಮದೇ ಊರಿನ ಪಕ್ಕ ನಡೆದಿದ್ದು ಎಷ್ಟೋ ಕಾಲ ಪಾಠದಲ್ಲೂ ಬರಲಿಲ್ಲ. ಆ ದಿನವನ್ನು ಪರಿಹಾಕಾ ದಿನ ಅಂತ ಆಚರಿಸೋಣ ಎನ್ನುವ ಕೂಗು ಹಲವು ವರ್ಷಗಳಿಂದ ಇದೆ. ಇದು ಇನ್ನೂ ಆಗಿಲ್ಲ. ಆಗಬೇಕು ಎಂದೇ ನನ್ನ ಅನಿಸಿಕೆ. ಜಗತ್ತಿನಲ್ಲಿ ಅಹಿಂಸೆಯ ಕಥೆಗಳು ಅಷ್ಟೇನೂ ಜಾಸ್ತಿ ಇಲ್ಲ.

ಒಂಬತ್ತು ನಕ್ಷತ್ರ, ಒಂದು ಎಡೆ

ನಮ್ಮ ರೈತರ ಮಳೆ ಲೆಕ್ಕ ಗೊತ್ತಿದ್ದರೆ ಮತಾರಿಕಿ ಅರ್ಥವಾಗುವುದು ಸುಲಭ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ನಾವು ಮಳೆಗಳನ್ನು ಎಣಿಸುತ್ತೇವೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತೇವೆ. ಮೇ ತಿಂಗಳ ನಡುವೆ ಕೃತ್ತಿಕೆ ಮಳೆ ಅಂದರೆ ಸೂರ್ಯ ಆಗ ಕೃತ್ತಿಕೆಯ ದಿಕ್ಕಿನಲ್ಲಿದ್ದಾನೆ ಎಂದರ್ಥ. ಸೂರ್ಯನ ಹತ್ತಿರ ಇರುವ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲ. ನ್ಯೂಜಿಲೆಂಡಿನಲ್ಲೂ ಅದೇ ಮೇ ತಿಂಗಳಲ್ಲಿ ಮತಾರಿಕಿ ಮರೆಯಾಗುತ್ತದೆ. ಒಂದು ತಿಂಗಳಿಗೂ ಮೀರಿ ಕಾದ ಮೇಲೆ, ಜೂನ್ ಕೊನೆಗೋ ಜುಲೈಗೋ, ನಸುಕಿನಲ್ಲಿ ಸೂರ್ಯನಿಗಿಂತ ಮುಂಚೆ ಈಶಾನ್ಯದಲ್ಲಿ ಮತ್ತೆ ಮೂಡುತ್ತದೆ. ಆಗ ಅಲ್ಲಿ ವರ್ಷದ ಅತಿ ಉದ್ದದ ರಾತ್ರಿಗಳು. ಬೆಳೆ ಒಳಗೆ ಬಂದು ಕಣಜ ತುಂಬಿರುತ್ತದೆ. ಹೊಲದಲ್ಲಿ ಕೆಲಸ ಇಲ್ಲ. ಹಳೆ ವರ್ಷ ಮುಗಿಯಿತು, ಹೊಸದು ಹುಟ್ಟಿತು ಎನ್ನಲು ಇದಕ್ಕಿಂತ ಒಳ್ಳೆಯ ಗಿಣ್ಣು ಎಲ್ಲಿದೆ?

ಮಾವೋರಿ ತಿಂಗಳಲ್ಲಿ ಪ್ರತಿ ರಾತ್ರಿಗೂ ಒಂದು ಹೆಸರಿದೆ, ನಮ್ಮ ತಿಥಿಗಳ ಹಾಗೆ. ನಕ್ಷತ್ರ ನೋಡಬೇಕಾದ್ದು ತಂಗರೋವಾ ಎಂಬ ರಾತ್ರಿಗಳಲ್ಲಿ. ನಮ್ಮ ಲೆಕ್ಕದಲ್ಲಿ ಅದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು. ಆ ರಾತ್ರಿಗಳಿಗೆ ಹತ್ತಿರದ ಶುಕ್ರವಾರವನ್ನು ಕಾನೂನು ರಜೆ ಎಂದು ಗೊತ್ತು ಮಾಡಿದೆ. 2022ರಿಂದ 2052ರವರೆಗೆ, 31 ವರ್ಷಗಳ ದಿನಾಂಕಗಳನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಆಧುನಿಕ ಸರ್ಕಾರ ಮತ್ತು ಹಳೆಯ ಆಕಾಶದ ನಡುವೆ ಆದ ಒಂದು ರಾಜಿ ಇದು. ಆಫೀಸಿಗೆ ಶುಕ್ರವಾರ ಬೇಕು, ಹಬ್ಬಕ್ಕೆ ಚಂದ್ರ ಬೇಕು.

ಗೊಂಚಲಿನಲ್ಲಿ ನಾವು ಆರು ತಾಯಂದಿರನ್ನು ಕಂಡೆವು. ಮಾವೋರಿಗಳಲ್ಲಿ ಹಲವರು ಒಂಬತ್ತು ಎಣಿಸುತ್ತಾರೆ. ಒಂದೊಂದಕ್ಕೂ ಒಂದು ಕೆಲಸ. ತುಪುವಾನುಕು ನೆಲದಲ್ಲಿ ಬೆಳೆಯುವ ಆಹಾರಕ್ಕೆ, ತುಪುವಾರಂಗಿ ಮರದ ಹಣ್ಣಿಗೂ ಹಕ್ಕಿಗೂ. ವೈತಿ ಸಿಹಿನೀರಿಗೆ, ವೈತಾ ಉಪ್ಪುನೀರಿಗೆ. ಮಳೆಗೊಂದು, ಗಾಳಿಗೊಂದು. ಹೀವಾ ಎಂಬುದು ಮನಸ್ಸಿನ ಆಸೆಗಳಿಗೆ. ಪೊಹುತುಕಾವಾ ಎಂಬ ನಕ್ಷತ್ರ ಆ ವರ್ಷ ತೀರಿಕೊಂಡವರಿಗೆ. ನಡುವೆ ಇರುವ ಮತಾರಿಕಿ ಇವರೆಲ್ಲರಿಗೂ ತಾಯಿ. ಯಾವ ನಕ್ಷತ್ರ ಮಂಕಾಗಿದೆ, ಯಾವುದು ಹೊಳೆಯುತ್ತಿದೆ ಎಂದು ನೋಡಿ ಬರುವ ವರ್ಷ ಹೇಗಿರಬಹುದು ಎಂದು ಹಿರಿಯರು ಹೇಳುತ್ತಿದ್ದರು.

ನಸುಕಿನ ಪೂಜೆ ಹೀಗೆ ನಡೆಯುತ್ತದೆ. ನೆಲದಲ್ಲಿ ಕುಳಿ ತೋಡಿ, ಕಾದ ಕಲ್ಲಿನ ಮೇಲೆ ಆಹಾರ ಬೇಯಿಸುತ್ತಾರೆ. ನೆಲದ ನಕ್ಷತ್ರಕ್ಕೆ ಸಿಹಿಗೆಣಸು, ಮೇಲಿನ ಆಹಾರದ ನಕ್ಷತ್ರಕ್ಕೆ ಹಕ್ಕಿ, ಸಿಹಿನೀರಿನ ನಕ್ಷತ್ರಕ್ಕೆ ಹಾವುಮೀನು, ಕಡಲ ನಕ್ಷತ್ರಕ್ಕೆ ಕಡಲಿನದು. ಮೊದಲು ಆ ವರ್ಷ ಸತ್ತವರ ಹೆಸರನ್ನು ಒಬ್ಬೊಬ್ಬರದಾಗಿ ಕರೆಯುತ್ತಾರೆ. ಅತ್ತು ಬೀಳ್ಕೊಡುತ್ತಾರೆ. ಆಮೇಲೆ ಕುಳಿ ತೆರೆಯುತ್ತಾರೆ. ಮೇಲೇಳುವ ಹಬೆಯೇ ನಕ್ಷತ್ರಗಳಿಗೆ ಎಡೆ. ಉಳಿದದ್ದನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಹಿರಿಯರ ಹೆಸರು ಹೇಳುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಈ ಆಚರಣೆ 20ನೇ ಶತಮಾನದ ನಡುವಿಗೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದರು, ಭಾಷೆ ಕಳೆಯಿತು, ಜೊತೆಗೆ ಆಕಾಶವೂ ಕಳೆಯಿತು. ಮತ್ತೆ ಚಿಗುರಿದ್ದು 2000ದ ಹೊತ್ತಿಗೆ. ಆ ವರ್ಷ ಹೇಸ್ಟಿಂಗ್ಸ್ ಊರಿನ ಮತಾರಿಕಿಗೆ ಬಂದವರು ಸುಮಾರು 500 ಜನ. 2003ರಲ್ಲಿ 15,000 ಜನ. ಗಾಳಿಪಟ ಹಾರಿಸುವುದು, ಶಾಲೆಯಲ್ಲಿ ಮಕ್ಕಳಿಂದ ನಕ್ಷತ್ರದ ಹೆಸರು ಹೇಳಿಸುವುದು, ಊರೂರಲ್ಲಿ ಸೂಪ್ ಮಾಡಿ ಹಂಚುವುದು ನಿಧಾನವಾಗಿ ಹಬ್ಬಿತು. 2009ರಲ್ಲಿ ಮಾವೋರಿ ಪಕ್ಷದ ಸಂಸದೆ ರಾಹುಯಿ ಕಟೆನೆ ಇದನ್ನು ರಾಷ್ಟ್ರೀಯ ದಿನ ಮಾಡಬೇಕೆಂದು ಮಸೂದೆ ತಂದರು. ಬಿದ್ದುಹೋಯಿತು. ಆಚರಣೆ ಮಾತ್ರ ನಿಲ್ಲಲಿಲ್ಲ.

ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಬೀರು. ರಂಗಿ ಮಾತಾಮುವಾ ಎಂಬ ಮಾವೋರಿ ವಿದ್ವಾಂಸರು ವಿದ್ಯಾರ್ಥಿಯಾಗಿದ್ದಾಗ ಮತಾರಿಕಿ ಬಗ್ಗೆ ಅಜ್ಜನನ್ನು ಕೇಳಿದರು. ಅಜ್ಜ ಬೀರುವಿನಿಂದ 400 ಪುಟಗಳ ಒಂದು ಹಸ್ತಪ್ರತಿ ತೆಗೆದುಕೊಟ್ಟರು. ಅವರ ಹಿರಿಯರು 1898ರಿಂದ ಮುಂದೆ ದಶಕಗಳ ಕಾಲ ಬರೆದಿಟ್ಟ ನಕ್ಷತ್ರಗಳ ಪುಸ್ತಕ ಅದು. ಅದರಲ್ಲಿದ್ದುದನ್ನು ಮನೆಯೊಳಗೇ ಇಟ್ಟುಕೊಳ್ಳದೆ ಹಂಚುವ ದಾರಿಯನ್ನು ಮಾತಾಮುವಾ ಹಿಡಿದರು. ಸರ್ಕಾರ ರಜೆಯ ದಿನ ಗೊತ್ತು ಮಾಡಲು ಸಮಿತಿ ಮಾಡಿದಾಗ ಅದರ ಮುಂದಾಳು ಅವರೇ. ನಮ್ಮ ಅಟ್ಟದ ಮೇಲೆ ತಾಳೆಗರಿಯ ಕಟ್ಟು ಸುಮ್ನೆ ಬಿದ್ದಿರುತ್ತದೆ ನೋಡಿ, ಹಾಗೆ ಉಳಿದುಬಿಟ್ಟಿದ್ದರೆ ಈ ರಜೆಗೆ ಲೆಕ್ಕವೇ ಸಿಗುತ್ತಿರಲಿಲ್ಲವೇನೋ.

2020ರ ಚುನಾವಣೆಗೆ ಮುಂಚೆ ಜಸಿಂಡಾ ಅರ್ಡರ್ನ್ ಅವರ ಲೇಬರ್ ಪಕ್ಷ ರಜೆಯ ಮಾತು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಕಾನೂನಾಯಿತು. ಜೂನ್ 24ರ ನಸುಕಿನಲ್ಲಿ ವೆಲಿಂಗ್ಟನ್ನಿನ ತೆ ಪಾಪಾ ವಸ್ತುಸಂಗ್ರಹಾಲಯದಲ್ಲಿ ಮೊದಲ ರಾಷ್ಟ್ರೀಯ ಪೂಜೆ ನಡೆಯಿತು. ಅಂದರೆ ಹಬ್ಬ ಮೊದಲು ಬಂತು, ರಜೆ ಇಪ್ಪತ್ತು ವರ್ಷ ಬಿಟ್ಟು ಹಿಂದೆ ಬಂತು.

ದುಡ್ಡು, ಪಟಾಕಿ, ಸೇಲ್

ವಿರೋಧ ಇರಲಿಲ್ಲ ಅಂತಲ್ಲ. ನ್ಯೂಜಿಲೆಂಡಿನಲ್ಲಿ ಸಾರ್ವಜನಿಕ ರಜೆಯ ದಿನ ಕೆಲಸ ಮಾಡಿದವರಿಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಅದು ಅವರ ಮಾಮೂಲಿ ಕೆಲಸದ ದಿನವಾಗಿದ್ದರೆ ಬದಲಿ ರಜೆಯನ್ನೂ ಕೊಡಬೇಕು. ಸಣ್ಣ ಹೋಟೆಲು, ಅಂಗಡಿ ನಡೆಸುವವರಿಗೆ ಇದು ನಿಜವಾದ ಭಾರ. ಅದರಲ್ಲೂ 2022ರಲ್ಲಿ ಅವರು ಕೋವಿಡ್ ಪೆಟ್ಟಿನಿಂದ ಎದ್ದಿರಲಿಲ್ಲ. ಆ್ಯಕ್ಟ್ ಪಕ್ಷ ಹೊಸ ರಜೆಯ ಖರ್ಚನ್ನು ಬಲವಾಗಿ ಪ್ರಶ್ನಿಸಿತು. 2023ರ ಚುನಾವಣೆಯಲ್ಲಿ ಜನವರಿ 2ರ ರಜೆಯನ್ನು ತೆಗೆಯುತ್ತೇವೆ ಎಂದೂ ಹೇಳಿತು. ಆ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಆ್ಯಕ್ಟ್ ಪಕ್ಷವೂ ಅದರಲ್ಲಿ ಸೇರಿತು. ಮತಾರಿಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಜೂನ್ ಮೊದಲ ವಾರದ ನಂತರ ಅಕ್ಟೋಬರ್ ಕೊನೆಯ ತನಕ ಆ ದೇಶದಲ್ಲಿ ಹಿಂದೆ ಒಂದೂ ರಾಷ್ಟ್ರೀಯ ರಜೆ ಇರಲಿಲ್ಲ. ಆ ಉದ್ದದ ಚಳಿಗಾಲದ ನಡುವೆ ಸಿಕ್ಕ ಒಂದು ಶುಕ್ರವಾರವನ್ನು ವಾಪಸ್ ಕೊಡಿ ಎಂದು ಕೇಳಲು ಯಾವ ಪಕ್ಷಕ್ಕೂ ಧೈರ್ಯ ಬರುವುದು ಕಷ್ಟ.

ನನಗೆ ಇದಕ್ಕಿಂತ ದೊಡ್ಡ ಆತಂಕ ಅನ್ನಿಸುವುದು ಹಬ್ಬವೇ ಸವೆದುಹೋಗುವುದು. ರಜೆ ಆದ ತಕ್ಷಣ ಅಂಗಡಿಗಳು ಮತಾರಿಕಿ ಸೇಲ್ ಅಂತ ಬೋರ್ಡು ಹಾಕಿದವು. ಮಾವೋರಿ ಹಿರಿಯರು ದಯವಿಟ್ಟು ಬೇಡ ಎಂದರು. ಸತ್ತವರ ಹೆಸರು ಕರೆಯುವ ದಿನಕ್ಕೆ ಫ್ರಿಜ್ ಮೇಲೆ ರಿಯಾಯಿತಿ ಹೊಂದುವುದಿಲ್ಲ. ಪಟಾಕಿಯದೂ ಇದೇ ಕಥೆ. ವೆಲಿಂಗ್ಟನ್ ನಗರಸಭೆ ತನ್ನ ಗೈ ಫಾಕ್ಸ್ ಪಟಾಕಿ ಪ್ರದರ್ಶನವನ್ನು 2018ರಲ್ಲಿ ಮತಾರಿಕಿಗೆ ಬದಲಿಸಿತು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಜುಲೈನಲ್ಲಿ ಬಂದರಿಗೆ ಒಂದು ದೊಡ್ಡ ತಿಮಿಂಗಿಲ ಬಂದು ಆಡತೊಡಗಿತು. ಅದಕ್ಕೆ ತೊಂದರೆ ಆಗಬಾರದೆಂದು ಪ್ರದರ್ಶನವನ್ನೇ ಒಂದು ವಾರ ಮುಂದಕ್ಕೆ ಹಾಕಿದರು. ನೀರು, ಗಾಳಿ, ಹಕ್ಕಿ, ಮೀನಿಗೆ ಕೈಮುಗಿಯುವ ಹಬ್ಬದಲ್ಲಿ ಹೊಗೆ ಮತ್ತು ಸದ್ದು ಯಾಕೆ ಎಂಬ ಪ್ರಶ್ನೆ ಆಮೇಲೆ ಗಟ್ಟಿಯಾಗುತ್ತಾ ಬಂತು. ಮತಾರಿಕಿಗೆ ಪಟಾಕಿ ಬೇಡ ಎಂದು ಮಾತಾಮುವಾ ಅವರೇ ಹೇಳಿದ್ದಾರೆ. ದೀಪಾವಳಿಯ ಬಗ್ಗೆ ನಾವು ಆಡುವ ಮಾತನ್ನೇ ಅವರೂ ಆಡುತ್ತಿದ್ದಾರೆ.

ಇನ್ನೊಂದು ಸೂಕ್ಷ್ಮ ಇದೆ. ದೇಶದ ಪಶ್ಚಿಮದ ತಾರಾನಾಕಿ, ವಾಂಗಾನುಯಿ ಕಡೆಯ ಜನ ಹೊಸ ವರ್ಷಕ್ಕೆ ನೋಡುವುದು ಮತಾರಿಕಿಯನ್ನಲ್ಲ, ಪುವಾಂಗಾ ಎಂಬ ಬೇರೆ ಹೊಳೆಯುವ ನಕ್ಷತ್ರವನ್ನು. ಅವರ ಊರಿನ ದಿಗಂತದಿಂದ ಗೊಂಚಲು ಚೆನ್ನಾಗಿ ಕಾಣುವುದಿಲ್ಲ. ಇಡೀ ದೇಶಕ್ಕೆ ಒಂದೇ ಹೆಸರಿನ ರಜೆ ಅಂದಾಗ ಇಂಥ ಸಣ್ಣ ಊರಿನ ಪದ್ಧತಿ ಮಂಕಾಗುವ ಭಯ ಇರುತ್ತದೆ. ನಮ್ಮಲ್ಲಿ ಚಾಂದ್ರಮಾನ ಯುಗಾದಿಯ ಪಕ್ಕದಲ್ಲೇ ತುಳುನಾಡಿನ ಬಿಸು ಉಳಿದುಕೊಂಡಿದೆ. ಅಲ್ಲೂ ಪುವಾಂಗಾ ಉಳಿಯಬೇಕು.

ಜನವರಿ 26

ನಮಗೆ ಗಣರಾಜ್ಯೋತ್ಸವ. ಆಸ್ಟ್ರೇಲಿಯಾಕ್ಕೂ ಅದೇ ದಿನ ರಾಷ್ಟ್ರೀಯ ದಿನ. ಮೆಲ್ಬರ್ನ್, ಸಿಡ್ನಿಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಆ ದಿನ ಎರಡು ಬಾವುಟದ ಮಾತು ಬರುತ್ತದೆ. ಆಸ್ಟ್ರೇಲಿಯಾದ ಹೊಸ ಪ್ರಜೆಗಳಲ್ಲಿ ಭಾರತದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನ ಪ್ರಮಾಣವಚನ ತೆಗೆದುಕೊಳ್ಳುವುದು ಜನವರಿ 26ಕ್ಕೇ. ಹಾಗಾಗಿ ಈ ಜಗಳ ನಮ್ಮವರಿಗೆ ದೂರದ್ದಲ್ಲ.

1788ರ ಜನವರಿ 26ರಂದು ಆರ್ಥರ್ ಫಿಲಿಪ್ ಕೈದಿಗಳನ್ನು ತುಂಬಿದ ಹಡಗುಗಳೊಂದಿಗೆ ಸಿಡ್ನಿ ಕೋವ್‌ನಲ್ಲಿ ಇಳಿದು ಬ್ರಿಟಿಷ್ ಬಾವುಟ ನೆಟ್ಟ. ಮೂಲನಿವಾಸಿಗಳಿಗೆ ಅದು ನೆಲ ಕಳೆದುಕೊಂಡ ದಿನ. 1938ರಲ್ಲಿ 150ನೇ ವರ್ಷದ ಸಂಭ್ರಮ ನಡೆದಾಗ ಅವರು ಸಿಡ್ನಿಯಲ್ಲಿ ಸೇರಿ ಶೋಕದಿನ ಆಚರಿಸಿದರು. ಅದೇ ದಿನ ಸರ್ಕಾರ ಹಡಗು ಇಳಿದ ದೃಶ್ಯವನ್ನು ನಾಟಕದ ಹಾಗೆ ಆಡಿಸಿತು. ಅದಕ್ಕೆ ದೂರದ ಮೆನಿಂಡಿಯಿಂದ ಮೂಲನಿವಾಸಿಗಳನ್ನು ಕರೆತಂದು ಓಡಿಹೋಗುವ ಪಾತ್ರ ಮಾಡಿಸಿದರು. ಇದನ್ನು ಓದಿದಾಗ ನನಗೆ ಸಂಕಟವಾಯಿತು.

ಆದರೆ ಜನವರಿ 26 ಇಡೀ ದೇಶಕ್ಕೆ ಅದೇ ದಿನದ ರಜೆ ಆಗಿದ್ದು 1994ರಲ್ಲಿ ಮಾತ್ರ. ಅದಕ್ಕೂ ಮುಂಚೆ ಹಲವು ಕಡೆ ಹತ್ತಿರದ ಸೋಮವಾರಕ್ಕೆ ಸೇರಿಸಿ ವಾರಾಂತ್ಯ ಉದ್ದ ಮಾಡಿಕೊಳ್ಳುತ್ತಿದ್ದರು. ಹೆಚ್ಚಿನವರಿಗೆ ಆ ದಿನ ಅಂದರೆ ಬಾರ್ಬೆಕ್ಯೂ, ಸಮುದ್ರ, ಕ್ರಿಕೆಟ್. ಇದರಲ್ಲಿ ತಪ್ಪೇನಿಲ್ಲ. ಆದರೆ ಅಂಥ ಸಂತೋಷವನ್ನು ಯಾವ ದಿನಕ್ಕೆ ಬೇಕಾದರೂ ಸರಿಸಬಹುದು. ಟ್ರಿಪಲ್ ಜೆ ರೇಡಿಯೊ ವರ್ಷದ ನೂರು ಹಾಡುಗಳ ಎಣಿಕೆಯನ್ನು ಆ ದಿನವೇ ಮಾಡುತ್ತಿತ್ತು. 2018ರಿಂದ ಬೇರೆ ದಿನಕ್ಕೆ ಹಾಕಿತು. ಕೇಳುವವರು ಹೊಸ ದಿನಕ್ಕೂ ಬಂದರು. ಮೆಲ್ಬರ್ನಿನ ಯಾರಾ, ಡಾರೆಬಿನ್ ನಗರಸಭೆಗಳು 2017ರಲ್ಲಿ ಆ ದಿನ ಪೌರತ್ವ ಸಮಾರಂಭ ಮಾಡುವುದಿಲ್ಲ ಎಂದಾಗ ಕೇಂದ್ರ ಸರ್ಕಾರ ಅವುಗಳ ಅಧಿಕಾರವನ್ನೇ ಕಿತ್ತುಕೊಂಡಿತು. 2022ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ನಿಯಮ ಸಡಿಲಿಸಿ, ಮೂರು ದಿನ ಹಿಂದೆ ಮುಂದೆ ಮಾಡಬಹುದು ಎಂದಿತು. ದಿನಾಂಕ ಬದಲಿಸುವ ಮಾತನ್ನು ಮಾತ್ರ ಎರಡು ದೊಡ್ಡ ಪಕ್ಷಗಳೂ ಎತ್ತುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ದನಿ ಕೊಡುವ ಜನಮತಗಣನೆ ಸುಮಾರು 60ಕ್ಕೆ 40ರಂತೆ ಸೋತ ಮೇಲೆ ಆ ಧೈರ್ಯ ಇನ್ನೂ ಕಡಿಮೆಯಾಗಿದೆ.

ಇಲ್ಲಿ ರಜೆ ಇದೆ, ಅದರೊಳಗೆ ಎಲ್ಲರೂ ಸೇರಿ ಮಾಡುವ ಹಬ್ಬ ಇಲ್ಲ. ಆಸ್ಟ್ರೇಲಿಯಾದ ತೊಡಕು ಇದೇ ಎಂದು ನನಗೆ ಅನ್ನಿಸುತ್ತದೆ. ಸಿಡ್ನಿಯಲ್ಲಿ ಅದೇ ದಿನ ಮೂಲನಿವಾಸಿಗಳು ಯಾಬುನ್ ಎಂಬ ಹಾಡು ಕುಣಿತದ ಉತ್ಸವ ನಡೆಸುತ್ತಾರೆ. ನಾವಿನ್ನೂ ಉಳಿದಿದ್ದೇವೆ ಎಂದು ತೋರಿಸುವ ಉತ್ಸವ ಅದು. ಆಚರಣೆ ಎನ್ನುವುದು ಆ ದಿನ ಎಲ್ಲಾದರೂ ಬೇರು ಬಿಟ್ಟಿದ್ದರೆ ಅಲ್ಲಿ.

ಉಳಿದ ದೇಶಗಳ ಹೊಸ ರಜೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಜೂನ್‌ಟೀಂತ್ 2021ರಲ್ಲಿ ಕೇಂದ್ರ ಸರ್ಕಾರದ ರಜೆಯಾಯಿತು. ಆದರೆ 1865ರ ಜೂನ್ 19ರಂದು ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿ ಮುಗಿಯಿತು ಎಂಬ ಆಜ್ಞೆ ಓದಿದ ಮರುವರ್ಷದಿಂದಲೇ ಟೆಕ್ಸಾಸ್‌ನ ಕಪ್ಪು ಜನ ಕೆಂಪು ಪಾನಕ ಕುಡಿದು, ಒಟ್ಟಿಗೆ ಉಂಡು ಆ ದಿನವನ್ನು ಕಾಪಾಡಿಕೊಂಡು ಬಂದಿದ್ದರು. ಕೆನಡಾದ ಸೆಪ್ಟೆಂಬರ್ 30ರ ರಜೆಗೆ ಮುಂಚೆ, 2013ರಿಂದಲೇ, ವಸತಿಶಾಲೆಗಳಲ್ಲಿ ನೊಂದ ಮೂಲನಿವಾಸಿ ಮಕ್ಕಳ ನೆನಪಿಗೆ ಕಿತ್ತಳೆ ಬಣ್ಣದ ಅಂಗಿ ತೊಡುವ ಪದ್ಧತಿ ಇತ್ತು. ಐರ್ಲೆಂಡ್ 2023ರಲ್ಲಿ ಸಂತ ಬ್ರಿಜಿಡ್ ದಿನಕ್ಕೆ ರಜೆ ಕೊಟ್ಟಾಗ, ಜೊಂಡುಹುಲ್ಲಿನ ಶಿಲುಬೆ ಹೆಣೆದು ಬಾಗಿಲಿಗೆ ಕಟ್ಟುವ ಮನೆಗಳು ಮೊದಲೇ ಇದ್ದವು.

ಆಕ್ಲೆಂಡಿನಲ್ಲೋ ವೆಲಿಂಗ್ಟನ್ನಿನಲ್ಲೋ ಇರುವ ಕನ್ನಡಿಗರಿಗೆ ಒಂದು ಮಾತು. ಮತಾರಿಕಿಯ ವಾರದಲ್ಲಿ ಒಂದು ದಿನ ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆ ಏಳಿ. ಅಲ್ಲಿ ಆಗ ಸೂರ್ಯ ಬರುವುದೇ ಏಳೂವರೆಗೆ, ಹಾಗಾಗಿ ತೀರಾ ಬೇಗ ಏಳಬೇಕಿಲ್ಲ. ಬೆಚ್ಚಗೆ ಹೊದ್ದುಕೊಂಡು ಈಶಾನ್ಯಕ್ಕೆ ಮುಖ ಮಾಡಿ. ಸಾಲಾಗಿ ನಿಂತ ಮೂರು ನಕ್ಷತ್ರ ಮೊದಲು ಸಿಗುತ್ತವೆ. ಅಲ್ಲಿಂದ ಎಡಕ್ಕೆ ಹೋದರೆ ಕೆಂಪಗೆ ಹೊಳೆಯುವ ರೋಹಿಣಿ. ಇನ್ನೂ ಎಡಕ್ಕೆ ಹೋದರೆ ಒಂದು ಸಣ್ಣ ಗೊಂಚಲು, ಮುಷ್ಟಿಯಿಂದ ಚೆಲ್ಲಿದ ರಾಗಿಯ ಹಾಗೆ. ಅಲ್ಲಿನ ಮಕ್ಕಳು ಒಂಬತ್ತು ಎಣಿಸುತ್ತಾರೆ. ಇಲ್ಲಿ ಊರಲ್ಲಿ ಆ ಹೊತ್ತಿಗೆ ಮುಂಗಾರಿನ ಮೋಡ ಕವಿದಿರುತ್ತದೆ. ನಮಗೆ ಅದೇ ಗೊಂಚಲು ಕಾಣಬೇಕಾದರೆ ಕಾರ್ತಿಕ ಬರಬೇಕು. ಹುಣ್ಣಿಮೆಯ ಸಂಜೆ ಹೊಸ್ತಿಲಿಗೆ ದೀಪ ಇಡುವ ಹೊತ್ತಿಗೆ ಅದು ಪೂರ್ವದಲ್ಲಿ, ಚಂದ್ರನ ಹತ್ತಿರದಲ್ಲೇ ಏಳುತ್ತದೆ.